ಬೆನ್ನುನೋವಿನ ವೆಚ್ಚ ಮತ್ತು ವಿಮೆ: ಕೈರೋಪ್ರಾಕ್ಟಿಕ್ ಚಿಕಿತ್ಸೆಗೆ ಹಣ ಕೊಡುವವರು ಯಾರು?

ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ವಾಣಿಜ್ಯವು ಬಹುಮಟ್ಟಿಗೆ ಭಾರದ ವಾಣಿಜ್ಯ. ಸಂಡೂರಿನ ಅದಿರು, ಕಂಪ್ಲಿಯ ಭತ್ತ, ಹೊಸಪೇಟೆಯ ಕಬ್ಬು ಮತ್ತು ಬೆಲ್ಲ, ತೋರಣಗಲ್ಲಿನ ಉಕ್ಕು ಇವೆಲ್ಲವೂ ಲಾರಿಯ ಮೇಲೆ ಏರುವ ಮುನ್ನ ಅಥವಾ ಏರಿದ ನಂತರ ಯಾರಾದರೊಬ್ಬರ ಬೆನ್ನಿಗೆ ಕೆಲಸ ಕೊಡುತ್ತವೆ. ಗಿರಣಿಯ ಹಮಾಲ, ಗಣಿಯ ಟಿಪ್ಪರ್ ಚಾಲಕ, ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವರ್ತಕ, ಈ ಮೂವರೂ ಒಂದಲ್ಲ ಒಂದು ದಿನ ‘ಸೊಂಟ ಹಿಡಿದಿದೆ’ ಎನ್ನುವವರೇ. ಹಿಂದೆ ಇವರು ಊರಿನ ಉಳುಕು ತೆಗೆಯುವವರ ಬಳಿಗೋ ಪುತ್ತೂರು ಕಟ್ಟು ಹಾಕುವವರ ಬಳಿಗೋ ಹೋಗುತ್ತಿದ್ದರು. ಈಗ ಮೊಬೈಲ್ ದೂರವಾಣಿಯ ಪರದೆಯಲ್ಲಿ ಬೆನ್ನುಮೂಳೆಯನ್ನು ‘ಟಕ್’ ಎನ್ನಿಸಿ ಸರಿಪಡಿಸುವ ದೃಶ್ಯಗಳನ್ನು ಕಂಡು, ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸೆಯ ಬಗೆಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಅದರ ಬೆನ್ನಲ್ಲೇ ಬರುವ ಪ್ರಶ್ನೆ, ಇದಕ್ಕೆ ವಿಮೆ ಹಣ ಕೊಡುತ್ತದೆಯೇ ಎಂಬುದು.

ನೇರ ಉತ್ತರವೆಂದರೆ, ಭಾರತದಲ್ಲಿ ಸಾಮಾನ್ಯ ಆರೋಗ್ಯ ವಿಮೆಯ ಅಡಿಯಲ್ಲಿ ಬಹುತೇಕ ಕೊಡುವುದಿಲ್ಲ. ಆದರೆ ಏಕೆ ಕೊಡುವುದಿಲ್ಲ ಎಂಬುದನ್ನು ತಿಳಿದರೆ, ಬೆನ್ನುನೋವಿನ ಯಾವ ಚಿಕಿತ್ಸೆಗೆ ಯಾವ ಬಾಗಿಲಿನಿಂದ ಹಣ ಬರಬಹುದೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಚಿಕಿತ್ಸೆ ಯಾವುದು, ಚಿಕಿತ್ಸಕರು ಯಾರು

ಕೈಯಿಂದ ಬೆನ್ನುಮೂಳೆಯ ಕೀಲುಗಳನ್ನು ಒತ್ತಿ, ತಿರುಗಿಸಿ, ಸರಿಹೊಂದಿಸುವ ಈ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ ಡಿ.ಡಿ. ಪಾಮರ್ ಎಂಬುವರು ಆರಂಭಿಸಿದರು. ಗ್ರೀಕ್ ಮೂಲದ ಆ ಹೆಸರಿಗೆ ‘ಕೈಯಿಂದ ಮಾಡಿದ್ದು’ ಎಂದಷ್ಟೇ ಅರ್ಥ. ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಈ ವೃತ್ತಿಗೆ ಪರವಾನಗಿ ಮಂಡಳಿಗಳಿವೆ. ಭಾರತದಲ್ಲಿ ಅಂಥ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. ಅಲೋಪಥಿ ವೈದ್ಯರಿಗೆ ವೈದ್ಯಕೀಯ ಆಯೋಗವಿದೆ, ಆಯುರ್ವೇದ, ಯುನಾನಿ, ಸಿದ್ಧ ಮತ್ತು ಹೋಮಿಯೋಪಥಿಗಳಿಗೆ ತಮ್ಮ ತಮ್ಮ ಆಯೋಗಗಳಿವೆ. ಭೌತಚಿಕಿತ್ಸೆ, ಅಂದರೆ ಫಿಜಿಯೋಥೆರಪಿಯು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬಂದಿದೆ.

ವಿಮಾ ಕಂಪನಿಯು ನೋಡುವುದು ಇದನ್ನೇ. ನೋವು ಎಷ್ಟಿತ್ತು, ಗುಣವಾಯಿತೇ ಇಲ್ಲವೇ ಎಂಬುದು ಅದಕ್ಕೆ ಎರಡನೆಯ ಮಾತು. ಚಿಕಿತ್ಸೆ ನೀಡಿದವರು ಮಾನ್ಯತೆ ಪಡೆದ ಮಂಡಳಿಯಲ್ಲಿ ನೋಂದಾಯಿತರೇ, ನೀಡಿದ ಸ್ಥಳ ಪಾಲಿಸಿಯ ವ್ಯಾಖ್ಯೆಯಂತೆ ಆಸ್ಪತ್ರೆಯೇ, ರೋಗಿ ಕನಿಷ್ಠ 24 ಗಂಟೆ ದಾಖಲಾಗಿದ್ದನೇ ಎಂಬುದು ಮೊದಲು. ಕೈರೋಪ್ರಾಕ್ಟಿಕ್ ಚಿಕಿತ್ಸೆಯು ಅರ್ಧ ಗಂಟೆಯಲ್ಲಿ ಮುಗಿದು ರೋಗಿ ನಡೆದುಕೊಂಡೇ ಮನೆಗೆ ಹೋಗುವಂಥದು. ಮೂರು ಪ್ರಶ್ನೆಗಳಿಗೂ ಉತ್ತರ ‘ಇಲ್ಲ’ ಎಂದಾಗುತ್ತದೆ. ಅದೇ ಕೈಚಳಕವನ್ನು ನೋಂದಾಯಿತ ಫಿಜಿಯೋಥೆರಪಿಸ್ಟರು ಮಾಡಿದರೆ ಮೊದಲ ಪ್ರಶ್ನೆ ಬಗೆಹರಿಯುತ್ತದೆ, ಉಳಿದೆರಡು ಹಾಗೆಯೇ ನಿಲ್ಲುತ್ತವೆ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ‘ಅಲ್ಲಿ ವಿಮೆಯೇ ಕೊಡುತ್ತದೆ’ ಎಂಬ ಮಾತು ಕೇಳಿಬರುವುದುಂಟು. ಅದು ಅರ್ಧ ಸತ್ಯ. ಅಲ್ಲಿನ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, 1972ರ ತಿದ್ದುಪಡಿಯ ಬಳಿಕ, ಬೆನ್ನುಮೂಳೆಯನ್ನು ಕೈಯಿಂದ ಸರಿಹೊಂದಿಸುವ ಒಂದು ಕ್ರಿಯೆಗೆ ಮಾತ್ರ ಹಣ ಕೊಡುತ್ತದೆ. ಅದರಲ್ಲೂ ವಾರ್ಷಿಕ ಕಡಿತ ಮುಗಿದ ನಂತರ ಶೇಕಡ 20ರಷ್ಟನ್ನು ರೋಗಿಯೇ ಭರಿಸಬೇಕು. ಕೈರೋಪ್ರಾಕ್ಟರ್ ಬರೆಸುವ ಕ್ಷ-ಕಿರಣ ಚಿತ್ರಕ್ಕಾಗಲಿ, ನೋವು ಮರುಕಳಿಸದಿರಲೆಂದು ತಿಂಗಳಿಗೊಮ್ಮೆ ಹೋಗುವ ‘ನಿರ್ವಹಣಾ’ ಚಿಕಿತ್ಸೆಗಾಗಲಿ ಅಲ್ಲಿಯೂ ಹಣವಿಲ್ಲ.

ನಿಜವಾದ ವೆಚ್ಚ ಎಲ್ಲಿದೆ

ಚಿಕಿತ್ಸೆಯ ಶುಲ್ಕವನ್ನಷ್ಟೇ ಲೆಕ್ಕ ಹಾಕುವುದು ವರ್ತಕರಿಗೆ ತಕ್ಕ ಲೆಕ್ಕವಲ್ಲ. ದರೋಜಿಯ ಒಬ್ಬ ಲಾರಿ ಚಾಲಕನನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಮಹಾನಗರದ ಚಿಕಿತ್ಸಾಲಯವೊಂದು ವಾರಕ್ಕೆ ಎರಡು ಸರದಿಯಂತೆ ಆರು ವಾರ ಬರಹೇಳಿತೆಂದೂ, ಸರದಿಗೆ 1,000 ರೂ. ಎಂದೂ, ಚಾಲಕನ ದಿನದ ದುಡಿಮೆ 700 ರೂ. ಎಂದೂ ಇಟ್ಟುಕೊಂಡರೆ ಚಿಕಿತ್ಸೆಯ ಶುಲ್ಕ 12,000 ರೂ. ಆಗುತ್ತದೆ. ಬೆಂಗಳೂರು 300 ಕಿ.ಮೀ.ಗೂ ಆಚೆ ಇರುವುದರಿಂದ ಪ್ರತಿ ಭೇಟಿಗೆ ಎರಡು ದಿನ ಹೋಗುತ್ತವೆ. ಹನ್ನೆರಡು ಭೇಟಿಗೆ 24 ದಿನ, ತಪ್ಪಿದ ದುಡಿಮೆ 16,800 ರೂ. ಬಸ್ಸಿನ ಖರ್ಚು ಬೇರೆ. ಇವು ಮಾದರಿ ಅಂಕಿಗಳೇ ಹೊರತು ಯಾವುದೇ ಸಂಸ್ಥೆಯ ದರಪಟ್ಟಿಯಲ್ಲ. ಆದರೂ ಅನುಪಾತವನ್ನು ಗಮನಿಸಬೇಕು: ಕಳೆದುಕೊಂಡ ಕೂಲಿಯು ಚಿಕಿತ್ಸೆಯ ಶುಲ್ಕವನ್ನು ಮೀರಿದೆ. ಎರಡು ದಿನ ಬಸ್ಸಿನಲ್ಲಿ ಕುಳಿತ ಸೊಂಟಕ್ಕೆ ಆ ಚಿಕಿತ್ಸೆಯಿಂದ ಎಷ್ಟು ಲಾಭವಾದೀತೆಂಬುದು ಬೇರೆಯೇ ಪ್ರಶ್ನೆ.

ಹತ್ತು ಸರದಿಗಳ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವ ‘ಪ್ಯಾಕೇಜು’ಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬಹುಪಾಲು ಸಾಧಾರಣ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೂರನೆಯ ಸರದಿಗೇ ನೋವು ಹೋದರೆ ಉಳಿದ ಏಳರ ಹಣ ಹಿಂದಿರುಗುವುದೇ ಎಂದು ಕಟ್ಟುವ ಮುನ್ನವೇ ಕೇಳಿ ಬರೆಸಿಕೊಳ್ಳುವುದು ವಿವೇಕ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು ಫಿಜಿಯೋಥೆರಪಿ ಕೇಂದ್ರಗಳನ್ನೂ ಒಳಗೊಂಡಂತೆ ಖಾಸಗಿ ಚಿಕಿತ್ಸಾಲಯಗಳು ನೋಂದಾಯಿಸಿಕೊಂಡು ತಮ್ಮ ದರಗಳನ್ನು ಪ್ರಕಟಿಸಬೇಕೆಂದು ವಿಧಿಸಿದೆ. ಗೋಡೆಯ ಮೇಲೆ ನೋಂದಣಿ ಪತ್ರವೂ ದರಪಟ್ಟಿಯೂ ಇವೆಯೇ ಎಂದು ನೋಡಲು ಸಂಕೋಚಪಡಬೇಕಾಗಿಲ್ಲ.

ಚಿಕಿತ್ಸೆಯ ಗುಣದ ಬಗೆಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಕುರಿತು ಮಾರ್ಗಸೂಚಿ ಪ್ರಕಟಿಸಿತು. ವ್ಯಾಯಾಮ, ರೋಗಿಗೆ ತಿಳಿವಳಿಕೆ, ಬೆನ್ನುಮೂಳೆಯ ಕೈಚಿಕಿತ್ಸೆ, ಅಂಗಮರ್ದನ ಇವುಗಳಿಗೆ ಅದರಲ್ಲಿ ಸ್ಥಾನವಿದೆ. ಸೊಂಟಪಟ್ಟಿ ಮತ್ತು ಟ್ರ್ಯಾಕ್ಷನ್, ಅಂದರೆ ತೂಕ ಕಟ್ಟಿ ಎಳೆಯುವ ಕ್ರಮ, ಇವೆರಡನ್ನೂ ಅದು ವಾಡಿಕೆಯ ಚಿಕಿತ್ಸೆಯಾಗಿ ಬೇಡವೆಂದಿದೆ. ಪೇಟೆಯ ಔಷಧಿ ಅಂಗಡಿಗಳಲ್ಲಿ ಸೊಂಟಪಟ್ಟಿಯ ವ್ಯಾಪಾರ ನೋಡಿದವರಿಗೆ ಇದು ಆಶ್ಚರ್ಯವೆನಿಸೀತು. ಕೈಚಿಕಿತ್ಸೆಯು ಎಲ್ಲರಿಗೂ ಸಲ್ಲುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಜ್ವರ, ತೂಕ ಇಳಿಕೆಯೊಂದಿಗೆ ಬರುವ ಬೆನ್ನುನೋವು ಬೆನ್ನುಮೂಳೆಯ ಕ್ಷಯವಾಗಿರಬಹುದು. ಕಾಲು ಶಕ್ತಿಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು ತುರ್ತು ಶಸ್ತ್ರಚಿಕಿತ್ಸೆಯ ಸೂಚನೆ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ, ಅಪರೂಪಕ್ಕಾದರೂ, ಮಿದುಳಿಗೆ ರಕ್ತ ಒಯ್ಯುವ ನಾಳ ಸೀಳಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೊದಲು ವೈದ್ಯರ ತಪಾಸಣೆ, ಆಮೇಲೆ ಕೈಚಿಕಿತ್ಸೆ ಎಂಬ ಕ್ರಮವನ್ನು ಮೀರಬಾರದು.

ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಬೆನ್ನಿನ ಸ್ಥಾನ

2020ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ಮತ್ತು ಆರೋಗ್ಯ ವಿಮಾ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕಾದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯನ್ನು ಮಾದರಿಯಾಗಿ ನೋಡಬಹುದು. ಇದರಲ್ಲಿ ಒಳರೋಗಿಯಾಗಿ ಪಡೆದ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಶೇಕಡ 5ರಷ್ಟನ್ನು ಪಾಲಿಸಿದಾರ ಭರಿಸಬೇಕು. ಹೊರರೋಗಿ ಚಿಕಿತ್ಸೆ ಇದರಲ್ಲಿಲ್ಲ. ಬೆನ್ನುಮೂಳೆಯ ತಟ್ಟೆ ಜಾರುವಿಕೆ ಮೊದಲಾದ ಕಾಯಿಲೆಗಳಿಗೆ, ಅಪಘಾತದಿಂದ ಆದುದನ್ನು ಬಿಟ್ಟು, 24 ತಿಂಗಳ ಕಾಯುವ ಅವಧಿ ಇದೆ. ಇತರ ಪಾಲಿಸಿಗಳಲ್ಲಿಯೂ ಇಂಥದೇ ಷರತ್ತು ಇರುತ್ತದೆ. 2024ರ ನಿಯಮಗಳ ಪ್ರಕಾರ ಈ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಸೊಂಟ ಹಿಡಿದ ಮೇಲೆ ಪಾಲಿಸಿ ಕೊಳ್ಳಲು ಓಡುವುದು ಕೆರೆ ಒಡೆದ ಮೇಲೆ ಕಟ್ಟೆ ಹಾಕಿದಂತೆ.

ಕ್ಲೇಮುಗಳು ತಿರಸ್ಕೃತವಾಗುವ ಸಾಮಾನ್ಯ ಕಾರಣವೊಂದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ. ತಪಾಸಣೆಗಾಗಿ ಮಾತ್ರ ಆಸ್ಪತ್ರೆಗೆ ದಾಖಲಾಗುವುದು ಎಲ್ಲ ಪಾಲಿಸಿಗಳಲ್ಲಿಯೂ ಇರುವ ಪ್ರಮಾಣಿತ ಹೊರಗಿಡುವಿಕೆ. ವಿಶ್ರಾಂತಿ ಮತ್ತು ಪುನಶ್ಚೇತನಕ್ಕಾಗಿ ದಾಖಲಾಗುವುದೂ ಹಾಗೆಯೇ. ಸೊಂಟನೋವಿನ ರೋಗಿಯನ್ನು ಎರಡು ದಿನ ಮಲಗಿಸಿ, ಎಂ.ಆರ್.ಐ. ತೆಗೆಸಿ, ನೋವಿನ ಮಾತ್ರೆ ಕೊಟ್ಟು, ಟ್ರ್ಯಾಕ್ಷನ್ ಹಾಕಿ ಕಳುಹಿಸಿದರೆ, ‘ಇದನ್ನು ಹೊರರೋಗಿಯಾಗಿಯೇ ಮಾಡಬಹುದಿತ್ತು’ ಎಂದು ಕಂಪನಿ ಹೇಳುತ್ತದೆ. ‘ವಿಮೆ ಇದೆಯಲ್ಲ, ಅಡ್ಮಿಟ್ ಆಗಿಬಿಡಿ’ ಎಂಬ ಸಲಹೆಯನ್ನು ನಂಬಿದವರು ಕೊನೆಗೆ ಹಾಸಿಗೆಯ ಬಾಡಿಗೆಯನ್ನೂ ತಾವೇ ಕಟ್ಟಿ ಬರುತ್ತಾರೆ. ದಾಖಲಾಗುವ ಅಗತ್ಯವನ್ನು, ಅಂದರೆ ನರದ ದೌರ್ಬಲ್ಯ, ಎದ್ದು ನಿಲ್ಲಲಾರದ ಸ್ಥಿತಿ, ರಕ್ತನಾಳದ ಮೂಲಕ ಕೊಡಬೇಕಾದ ಔಷಧಿ ಇವನ್ನು, ವೈದ್ಯರು ದಾಖಲೆಯಲ್ಲಿ ಬರೆದಿದ್ದರೆ ಮಾತ್ರ ಕ್ಲೇಮಿಗೆ ಬಲ ಬರುತ್ತದೆ.

ಇನ್ನೊಂದು ದಾರಿ ಆಯುಷ್ ಚಿಕಿತ್ಸೆಯದು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಜನವರಿ 31ರಂದು ಹೊರಡಿಸಿದ ಆದೇಶದಂತೆ, ಅದೇ ವರ್ಷದ ಏಪ್ರಿಲ್ 1ರಿಂದ ಆಯುರ್ವೇದ ಮೊದಲಾದ ಪದ್ಧತಿಗಳನ್ನು ಇತರ ಚಿಕಿತ್ಸೆಗಳಿಗೆ ಸಮನಾಗಿ ಕಾಣಬೇಕಾಗಿದೆ. ಹಿಂದೆ ಇದ್ದ 20 ಸಾವಿರ, 25 ಸಾವಿರ ರೂ.ಗಳಂಥ ಪ್ರತ್ಯೇಕ ಮಿತಿಗಳಿಗೆ ಈಗ ಅವಕಾಶವಿಲ್ಲ. ಕಟಿಬಸ್ತಿ, ಅಭ್ಯಂಗ ಮೊದಲಾದ ಕೈಚಿಕಿತ್ಸೆಗಳು ಕೈರೋಪ್ರಾಕ್ಟಿಕ್ಕಿಗೆ ಹೊರನೋಟಕ್ಕೆ ಹತ್ತಿರದವು. ಆದರೆ ಕಾನೂನಿನ ಕಣ್ಣಿನಲ್ಲಿ ಇವುಗಳಿಗೆ ನೋಂದಾಯಿತ ವೈದ್ಯರೂ ಇದ್ದಾರೆ, ಆಸ್ಪತ್ರೆಯೂ ಇದೆ. ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು ಈ ಭಾಗದವರಿಗೆ ಕೈಗೆಟಕುವಲ್ಲಿಯೇ ಇದೆ. ಖಾಸಗಿ ಆಯುಷ್ ಆಸ್ಪತ್ರೆಯಾದರೆ ಕನಿಷ್ಠ ಐದು ಹಾಸಿಗೆಗಳೂ ದಿನವಿಡೀ ಅರ್ಹ ವೈದ್ಯರೂ ಇರಬೇಕೆಂಬ ಷರತ್ತಿದೆ. ‘ಚೈತನ್ಯ ತುಂಬುವ’ ಪಂಚಕರ್ಮ ವಿಹಾರಗಳು, ಹಂಪಿಯ ಪ್ರವಾಸಿಗರಿಗೆ ಎಷ್ಟೇ ಪ್ರಿಯವಾಗಿದ್ದರೂ, ಇದರಲ್ಲಿ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯಾದಾಗ ಮಾತ್ರ ಫಿಜಿಯೋಥೆರಪಿಗೆ ಸಲೀಸಾದ ದಾರಿ ಇದೆ. ಬಿಡುಗಡೆಯ ನಂತರದ ವೆಚ್ಚವೆಂದು, ಆರೋಗ್ಯ ಸಂಜೀವಿನಿಯಲ್ಲಾದರೆ 60 ದಿನಗಳವರೆಗೆ, ವೈದ್ಯರು ಬರೆದುಕೊಟ್ಟ ಚಿಕಿತ್ಸೆಯ ರಸೀದಿಗಳನ್ನು ಸಲ್ಲಿಸಬಹುದು. ಡಿಸ್ಚಾರ್ಜ್ ಪತ್ರದಲ್ಲಿಯೇ ಆ ಸಲಹೆ ಇರುವಂತೆ ನೋಡಿಕೊಳ್ಳಬೇಕು.

ಸಂಸ್ಥೆಯ ನೌಕರರಿಗಾಗಿ ಗುಂಪು ಪಾಲಿಸಿ ಮಾಡಿಸುವ ಸದಸ್ಯರು ಹೊರರೋಗಿ ಸೌಲಭ್ಯವನ್ನು ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬಹುದಾದ ಪಾಲಿಸಿಗಳನ್ನು ವಿಚಾರಿಸಬೇಕು. ಕೈರೋಪ್ರಾಕ್ಟಿಕ್ಕಿಗೆ ಹಣ ಸಿಗುವ ಸಾಧ್ಯತೆ ಏನಾದರೂ ಇದ್ದರೆ ಅದು ಇಲ್ಲಿಯೇ. ಆದರೆ ಆ ಪದವೇ ಪಾಲಿಸಿಯಲ್ಲಿ ಮುದ್ರಿತವಾಗಿರಬೇಕು, ಏಜೆಂಟರ ಬಾಯಿಮಾತು ಸಾಲದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ಸಂಪೂರ್ಣ ರದ್ದಾಗಿದೆ. ಗುಂಪು ಪಾಲಿಸಿಗಳಿಗೆ ಆ ವಿನಾಯಿತಿ ಇಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಹೊರರೋಗಿಗೂ ಹಣ: ಇ.ಎಸ್.ಐ.

ಬೆನ್ನುನೋವಿನಂಥ, ಸ್ವಲ್ಪ ಸ್ವಲ್ಪವಾಗಿ ಹಣವನ್ನೂ ದಿನಗಳನ್ನೂ ತಿನ್ನುವ ಕಾಯಿಲೆಗೆ ನೌಕರರ ರಾಜ್ಯ ವಿಮಾ ಯೋಜನೆಯಷ್ಟು ಹೊಂದುವ ರಕ್ಷಣೆ ಬೇರೊಂದಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, ತಿಂಗಳಿಗೆ 21,000 ರೂ.ವರೆಗೆ ವೇತನ ಪಡೆಯುವವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈನಿಂದ ಮಾಲೀಕರ ವಂತಿಗೆ ಶೇಕಡ 3.25, ನೌಕರರದು 0.75. ತಿಂಗಳಿಗೆ 15,000 ರೂ. ವೇತನದವನಿಗೆ ಮಾಲೀಕ 487 ರೂ. 50 ಪೈಸೆ, ನೌಕರ 112 ರೂ. 50 ಪೈಸೆ, ಒಟ್ಟು 600 ರೂ. ಕಟ್ಟಿದಂತಾಯಿತು. ಇದಕ್ಕೆ ಪ್ರತಿಯಾಗಿ ಹೊರರೋಗಿ ಚಿಕಿತ್ಸೆ, ಔಷಧಿ, ತಜ್ಞರ ಸಲಹೆ, ಶಸ್ತ್ರಚಿಕಿತ್ಸೆ ಎಲ್ಲವೂ ಕುಟುಂಬಕ್ಕೆಲ್ಲ ಸಿಗುತ್ತವೆ. ಕಾಯುವ ಅವಧಿಯ ಹೆಸರಿನಲ್ಲಿ ಹಳೆಯ ಸೊಂಟನೋವನ್ನು ಹೊರಗಿಡುವ ಷರತ್ತೂ ಇಲ್ಲಿಲ್ಲ.

ಕಳೆದುಕೊಂಡ ಕೂಲಿಗೂ ಇದರಲ್ಲಿ ಪರಿಹಾರವಿದೆ. ವಂತಿಗೆಯ ಅರ್ಧವರ್ಷದಲ್ಲಿ 78 ದಿನಗಳ ವಂತಿಗೆ ಸಂದಾಯವಾಗಿದ್ದರೆ, ಇ.ಎಸ್.ಐ. ವೈದ್ಯರ ಪ್ರಮಾಣಪತ್ರದ ಮೇರೆಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ಸಿಗುತ್ತದೆ. ಬೆನ್ನುಮೂಳೆ ತಟ್ಟೆ ಜಾರುವಿಕೆಯು ದೀರ್ಘಕಾಲದ 34 ಕಾಯಿಲೆಗಳ ಪಟ್ಟಿಯಲ್ಲಿ ಇರುವುದರಿಂದ, ಎರಡು ವರ್ಷ ಸತತ ಕೆಲಸದಲ್ಲಿದ್ದು ಅಗತ್ಯ ವಂತಿಗೆ ಕಟ್ಟಿದವನಿಗೆ ಶೇಕಡ 80ರ ದರದಲ್ಲಿ ವಿಸ್ತರಿತ ಸೌಲಭ್ಯವೂ ಲಭ್ಯ. ಮೇಲಿನ ದರೋಜಿಯ ಚಾಲಕನ 16,800 ರೂ.ಗಳ ನಷ್ಟವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅವನ ಹೆಸರು ವೇತನ ಪುಸ್ತಕದಲ್ಲಿ ಇದ್ದರೆ ಮಾತ್ರ.

ತೊಡಕಿರುವುದು ಅಲ್ಲಿಯೇ. ಹಮಾಲರು ಗುಂಪಾಗಿ ಬಂದು ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ, ‘ಅವರು ನಮ್ಮ ನೌಕರರಲ್ಲ’ ಎಂಬುದು ಗಿರಣಿ ಮತ್ತು ಸಾಗಣೆ ಸಂಸ್ಥೆಗಳಲ್ಲಿ ಬೇರೂರಿದ ಅಭಿಪ್ರಾಯ. ಹೈದರಾಬಾದಿನ ರಾಜಕಮಲ್ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಸಂಸ್ಥೆಯ ಸ್ಥಳದಲ್ಲಿ ಸಂಸ್ಥೆಗಾಗಿ ಸರಕು ಏರಿಸಿ ಇಳಿಸುವ ಹಮಾಲರು ಇ.ಎಸ್.ಐ. ವ್ಯಾಪ್ತಿಗೆ ಬರುತ್ತಾರೆಂದು ಅದು ತೀರ್ಮಾನಿಸಿತು. ಆದುದರಿಂದ ಹಮಾಲರನ್ನು ಪುಸ್ತಕದ ಹೊರಗಿಡುವುದರಿಂದ ಉಳಿತಾಯವಾಗುತ್ತದೆಂಬುದು ಭ್ರಮೆ. ತಪಾಸಣೆಯ ದಿನ ಹಳೆಯ ಬಾಕಿ ಬಡ್ಡಿಸಮೇತ ಎದುರಾಗುತ್ತದೆ.

ಬೆಲ್ಲ, ಸಕ್ಕರೆ ತಯಾರಿಕೆಯಂಥ ಹಂಗಾಮಿ ಕಾರ್ಖಾನೆಗಳು ಯೋಜನೆಯಿಂದ ಹೊರಗಿವೆ. 1948ರ ಕಾಯ್ದೆಯ ಅಡಿಯಲ್ಲಿ ಗಣಿಗಳೂ ಹೊರಗಿದ್ದವು. ಸಂಡೂರಿನ ಗಣಿ ಕಾರ್ಮಿಕರು ಕಂಪನಿಯ ಆಸ್ಪತ್ರೆಯನ್ನೋ ಗುಂಪು ವಿಮೆಯನ್ನೋ ನೆಚ್ಚಬೇಕಾದುದು ಇದರಿಂದಲೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿ ‘ಸಂಸ್ಥೆ’ ಎಂಬುದರ ವ್ಯಾಖ್ಯೆಗೆ ಗಣಿಯನ್ನೂ ಸೇರಿಸಲಾಗಿದೆ. ಗಣಿ ಗುತ್ತಿಗೆದಾರರು ತಮ್ಮ ಹೊಣೆ ಏನೆಂಬುದನ್ನು ಇ.ಎಸ್.ಐ. ನಿಗಮದ ಕಚೇರಿಯಿಂದ ಲಿಖಿತವಾಗಿ ಕೇಳಿಕೊಳ್ಳುವುದು ಲೇಸು.

ಉಳಿದ ಯೋಜನೆಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಕೊಡುತ್ತದೆ. 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2023ರಲ್ಲಿ ಮತ್ತೆ ಜಾರಿಯಾದ ಯಶಸ್ವಿನಿಯು ಸಹಕಾರ ಸಂಘಗಳ ಸದಸ್ಯರಿಗಾಗಿ ಇದೆ. ಎರಡೂ ಗೊತ್ತುಪಡಿಸಿದ ಪಟ್ಟಿಯ ಪ್ರಕಾರ ಆಸ್ಪತ್ರೆಯ ಚಿಕಿತ್ಸೆಗೆ ಹಣ ಕೊಡುವಂಥವು. ಬೆನ್ನಿನ ಶಸ್ತ್ರಚಿಕಿತ್ಸೆಗೆ ಉಪಯೋಗಕ್ಕೆ ಬಂದಾವು, ವಾರಕ್ಕೆರಡು ಬಾರಿಯ ಕೈಚಿಕಿತ್ಸೆಗೆ ಅಲ್ಲ.

ಚೀಲದ ತೂಕ

ಇ.ಎಸ್.ಐ. ಇಲ್ಲದ ಕಡೆ, ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕನೇ ಹೊಣೆ. 2010ರಿಂದ ಚಿಕಿತ್ಸೆಯ ವಾಸ್ತವ ವೆಚ್ಚವನ್ನೂ ಅವನೇ ಕೊಡಬೇಕಾಗಿದೆ. ಆದರೆ ಕಾನೂನು ‘ಅಪಘಾತ’ ಎನ್ನುತ್ತದೆ. ಚೀಲ ಜಾರಿ ಬಿದ್ದು ಸೊಂಟ ಮುರಿದರೆ ಅದು ಅಪಘಾತ. ಇಪ್ಪತ್ತು ವರ್ಷ ಚೀಲ ಹೊತ್ತು ಸೊಂಟ ಸವೆದರೆ ಅದಕ್ಕೆ ಹೆಸರಿಲ್ಲ, ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿಯೂ ಅದು ಕಾಣುವುದಿಲ್ಲ. ಹಮಾಲರ ಬಹುಪಾಲು ಬೆನ್ನುನೋವು ಈ ಎರಡನೆಯ ಬಗೆಯದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸಿನಂತೆ ವಯಸ್ಕ ಪುರುಷನೊಬ್ಬ ಹೊರಬೇಕಾದ ಗರಿಷ್ಠ ಭಾರ 55 ಕಿ.ಗ್ರಾಂ. ಈ ಭಾಗದಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕಿ.ಗ್ರಾಂ. ಚೀಲದ ಲೆಕ್ಕದಲ್ಲಿ. ಅಕ್ಕಿಗೂ ಸಿಮೆಂಟಿಗೂ 50 ಕಿ.ಗ್ರಾಂ. ಚೀಲ ರೂಢಿಯಾಗಿರುವಾಗ ಭತ್ತಕ್ಕೆ ಮಾತ್ರ ಆಗದೆಂಬುದಕ್ಕೆ ಹಳೆಯ ವಾಡಿಕೆಯ ಹೊರತು ಬೇರೆ ಕಾರಣ ತೋರದು. ದರ ಕ್ವಿಂಟಾಲಿನ ಮೇಲೆ ನಿಂತರೆ ಚೀಲ ಚಿಕ್ಕದಾಗಲು ಅಡ್ಡಿ ಇಲ್ಲ. ಯಾವ ವಿಮೆಯೂ ಕೊಡದ ರಕ್ಷಣೆ ಇದಾಗಿದ್ದು, ಇದಕ್ಕೆ ಪ್ರೀಮಿಯಂ ಸಹ ಇಲ್ಲ.

ಕ್ಲೇಮು ತಿರಸ್ಕೃತವಾದರೆ

ತಿರಸ್ಕಾರದ ಪತ್ರವನ್ನು ಪಾಲಿಸಿಯ ಯಾವ ಷರತ್ತಿನ ಅಡಿಯಲ್ಲಿ ಎಂದು ನಮೂದಿಸಿಯೇ ಕೊಡುವಂತೆ ಕಂಪನಿಯನ್ನು ಕೇಳಬೇಕು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಅರ್ಜಿ ಹಾಕಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂ.ವರೆಗಿನ ವಿವಾದಗಳನ್ನು ಅವರು ವಿಚಾರಿಸುತ್ತಾರೆ. ಅರ್ಜಿಯೊಂದಿಗೆ ಪಾಲಿಸಿಯ ಪ್ರತಿ, ದಾಖಲಾತಿಯ ಅಗತ್ಯ ಬರೆದ ವೈದ್ಯರ ಟಿಪ್ಪಣಿ, ಡಿಸ್ಚಾರ್ಜ್ ಪತ್ರ, ಚಿಕಿತ್ಸಕರ ನೋಂದಣಿ ಸಂಖ್ಯೆಯುಳ್ಳ ರಸೀದಿಗಳು ಇರಬೇಕು. ನೋಂದಣಿ ಸಂಖ್ಯೆ ಇಲ್ಲದ ರಸೀದಿಯನ್ನು ಚಿಕಿತ್ಸೆಯ ದಿನವೇ ಹಿಂದಿರುಗಿಸಿ, ಸಂಖ್ಯೆ ಬರೆಸಿಕೊಂಡು ಬರುವುದು ಸುಲಭ. ಆರು ತಿಂಗಳ ಬಳಿಕ ಅದು ಕಷ್ಟ.